ಸಖ್ಯಾಂಕ ಎಂಬತ್ತೊಂದು

ಇಮಾಮ್‌ಸಾಬ ಕಿತ್ತೂರ ಗಾಜಿನ ಬಾಗಿಲು ದಬ್ಬಿಕೊಂಡು ಒಳಗೆ ಬಂದಾಗ ಚಂದ್ರಕಲಾ ಪತ್ತಾರ ಗದಗಿನಿಂದ ಬಂದಿದ್ದ ಗಂಡ ಹೆಂಡಿರಿಗೆ ಇಯರ್‌ಬಡ್ ಆರಿಸಿಕೊಡುತ್ತಿದ್ದಳು. ಅವನು ಅವರ ಕಡೆ ನೋಡಲೂ ಇಲ್ಲ. ಜೇಬಿನಿಂದ ಅಂಗೈಯಗಲದ ಆಂಪ್ಲಿಫೈಯರ್ ತೆಗೆದು, ಅದರ ತಂತಿಗೆ ಜೋತುಬಿದ್ದಿದ್ದ ಇಯರ್‌ಬಡ್‌ಗಳ ಸಮೇತ ಕೌಂಟರಿನ ಮೇಲೆ ಕುಕ್ಕಿದ.

“ಬಾಯಾರ, ಇದನ್ನ ಯಾವ ಕಿವೀಲೆ ಕೇಳಿ ಆರಿಸಿಕೊಟ್ರಿ ನನಗ?”

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯಲ್ಲಿ ‘ಪತ್ತಾರ ಆಡಿಯೋ’ ಶುರುವಾಗಿ ಇಪ್ಪತ್ತೆರಡು ವರ್ಷ. ಅಷ್ಟು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಬೆಳಗಾವಿ, ವಿಜಯಪುರದಿಂದ ಜನ ಬಸ್ಸು ಹತ್ತಿ ಬರುತ್ತಿದ್ದುದು ಆಕೆಯ ಅಂಗಡಿಗಲ್ಲ, ಆಕೆಯ ಕಿವಿಗೆ. ಬಂದವರನ್ನು ಕೂರಿಸಿ ಮೊದಲು, ಏನು ಕೇಳ್ತೀರಿ, ಎಲ್ಲಿ ಕುಂತು ಕೇಳ್ತೀರಿ ಎಂದು ವಿಚಾರಿಸುತ್ತಿದ್ದಳು. ಕಿವಿಯ ತೂತಿನ ಅಳತೆ ನೋಡುತ್ತಿದ್ದಳು. ನಾಜೂಕಾದ ಇಯರ್‌ಬಡ್ಡಿಗೆ ಜೋರಿನ ಆಂಪ್ಲಿಫೈಯರ್ ಹಾಕಿದರೆ ಹಾಡಿನ ನಡುವಿನ ಮೌನದಲ್ಲೂ ಸುಂಯ್ ಎನ್ನುತ್ತದೆ. ಭಾರದ್ದಕ್ಕೆ ಬಡಕಲು ಆಂಪ್ಲಿಫೈಯರ್ ಕೊಟ್ಟರೆ ತಬಲಾದ ಎಡಗೈ ಕೈಕೊಡುತ್ತದೆ. ಇದೆಲ್ಲ ಪುಸ್ತಕದಲ್ಲಿ ಓದಿದ್ದಲ್ಲ, ಕೇಳಿ ಕೇಳಿ ಕಲಿತದ್ದು. ಪರೀಕ್ಷೆಗೆ ಹಾಡು ಹಾಕುವವಳೂ ಅಲ್ಲ. ಅತ್ತೆ ಜೋಳದ ರೊಟ್ಟಿ ತಟ್ಟುವ ಸದ್ದನ್ನು ಒಮ್ಮೆ ರೆಕಾರ್ಡ್ ಮಾಡಿಟ್ಟುಕೊಂಡಿದ್ದಳು. ಹಿಟ್ಟು ಹಸಿಯಾಗಿದ್ದಾಗಿನ ಸದ್ದು ಬೇರೆ, ಅಂಚು ಒಣಗುತ್ತ ಬಂದಾಗಿನ ಸದ್ದು ಬೇರೆ. ಆ ಫರಕು ತೋರಿಸದ ಇಯರ್‌ಬಡ್, ಎಷ್ಟೇ ದೊಡ್ಡ ಹೆಸರಿನದಿರಲಿ, ವಾಪಸು ಪೆಟ್ಟಿಗೆ ಸೇರುತ್ತಿತ್ತು.

ಮೂರು ವರ್ಷದ ಹಿಂದೆ ಆ ಪರೀಕ್ಷೆಯಲ್ಲಿ ಉಳಿದೆಲ್ಲವನ್ನೂ ಸೋಲಿಸಿದ್ದು ‘ನಿತ್ಯನೂತನ’. ಧಾರವಾಡದ ನಾದಸೇತು ಕಂಪನಿಯ ಮಾಲು. ಅದರ ಹಿಂದಿದ್ದ ವಿಜ್ಞಾನ ಕೇಳಿ ಚಂದ್ರಕಲಾ ಬೆರಗಾಗಿದ್ದಳು. ನಮ್ಮ ಒಳಕಿವಿಯಲ್ಲಿ ಸಾವಿರಾರು ಕೂದಲು ಕೋಶಗಳಿವೆ. ಸದ್ದು ಬಿದ್ದಾಗ ಅವು ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ, ತಾವೂ ಅಲುಗಾಡಿ ಅತಿ ಸಣ್ಣದೊಂದು ಮರುದನಿಯನ್ನು ಹೊರಗೆ ಕಳಿಸುತ್ತವೆ. ನಿತ್ಯನೂತನದ ತುದಿಯಲ್ಲಿದ್ದ ಸಾಸಿವೆಯಷ್ಟು ಮೈಕು ಆ ಮರುದನಿಯನ್ನು ಹಿಡಿಯುತ್ತಿತ್ತು. ಯಾವ ಸ್ವರದಲ್ಲಿ ಮರುದನಿ ಸೊರಗಿದೆಯೋ ಆ ಸ್ವರವನ್ನು ಜೇಬಿನಲ್ಲಿದ್ದ ಆಂಪ್ಲಿಫೈಯರ್ ತಕ್ಕಷ್ಟು ಏರಿಸುತ್ತಿತ್ತು. ಹೊರಗಿನ ಮಾತೂ ಅದರ ಮೂಲಕವೇ ಹಾದು ಬರುತ್ತಿದ್ದುದರಿಂದ ಯಾರೂ ಅದನ್ನು ತೆಗೆಯುತ್ತಿರಲಿಲ್ಲ. ಆಫೀಸು, ಸಂತೆ, ಕಾಲೇಜು, ಎಲ್ಲೆಲ್ಲೂ ಜನ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದರು. ‘ಮೊದಲ ದಿನದ ದನಿ, ಎಂದೆಂದಿಗೂ’ ಎಂಬ ಸಾಲಿನ ಕೆಳಗೆ ಡಬ್ಬಿಯ ಮೇಲೆ ಚಂದ್ರಕಲಾಳ ಮುಖ ಅಚ್ಚಾಗಿತ್ತು. ‘ಚಂದ್ರಕಲಾ ಆಯ್ಕೆ’.

ಗದಗಿನವರನ್ನು ನಾಳೆ ಬರಲು ಹೇಳಿ ಕಳಿಸಿ ಆಕೆ ಇಮಾಮ್‌ಸಾಬನ ಕಡೆ ತಿರುಗಿದಳು. “ಏನಾತು ಹೇಳ್ರಿ. ಕೂಗಾಡಬ್ಯಾಡ್ರಿ.”

“ಕೂಗಾಡ್ತೀನಿ. ಕೂಗಾಡಿದ್ರ ನನಗ ನನ್ನ ದನಿ ಕೇಳ್ತೈತಿ.”

ಇಮಾಮ್‌ಸಾಬ ಗಬ್ಬೂರು ಬೈಪಾಸಿನ ಮೆಕ್ಯಾನಿಕ್. ಊರಲ್ಲಿ ಉಳಿದ ಹಳೆಯ ಡೀಸೆಲ್ ಲಾರಿ, ಬಸ್ಸುಗಳಿಗೆ ಅವನೇ ಗತಿ. ಉದ್ದನೆಯ ಸ್ಕ್ರೂಡ್ರೈವರಿನ ಒಂದು ತುದಿಯನ್ನು ಎಂಜಿನಿಗೆ ಹಚ್ಚಿ ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡರೆ, ಯಾವ ವಾಲ್ವು ಸಡಿಲಾಗಿದೆ ಎಂದು ಬೆರಳಿಟ್ಟು ತೋರಿಸುವ ಮನುಷ್ಯ. ಹೋದ ವಾರ ಇಯರ್‌ಬಡ್ ತೆಗೆದು ಒಂದು ಬಸ್ಸಿಗೆ ಹಾಗೆಯೇ ಕಿವಿಯಿಟ್ಟು, ಎಲ್ಲ ಛಲೋ ಐತಿ ಎಂದು ಕಳಿಸಿದ್ದ. ನಲವತ್ತು ಮಂದಿ ಕೂತಿದ್ದ ಬಸ್ಸು ಕಾರವಾರದ ಘಟ್ಟದ ತಿರುವಿನಲ್ಲಿ ವಾಲ್ವು ಮುರಿದು ನಿಂತಿತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ.

“ಬಾಜೂ ಗ್ಯಾರೇಜಿನವಾ ಹತ್ತು ಮಾರು ದೂರ ನಿಂತಿದ್ದ, ‘ಟಿಕ್ ಟಿಕ್ ಅನ್ನಾಕತ್ತೈತಲ್ಲೋ ಸಾಬಾ, ಕೇಳಂಗಿಲ್ಲೇನು’ ಅಂದಿದ್ದ. ನಾ ಅವಂಗ ಬೈದೆ ಬಾಯಾರ. ಬಸ್ ನಿಂತಿಂದ ಕಿವಿ ಡಾಕ್ಟರ್ ಕಡೆ ಹ್ವಾದೆ. ಮೂವತ್ತು ವರ್ಷ ಬಾಯ್ಲರ್ ಮುಂದ ನಿಂತವರ ಕಿವಿ ಹಿಂಗಿರತೈತಿ ಅಂದ್ರು. ನನಗ ನಲವತ್ತೊಂದು ವಯಸ್ಸು.” ಅವನು ಮಡಚಿದ ಕಾಗದವನ್ನು ಬಿಡಿಸಿಟ್ಟ. ಅದರಲ್ಲಿದ್ದ ಗೆರೆ ಎಡಗಡೆ ನೆಟ್ಟಗೆ ಹೋಗಿ, ನಾಲ್ಕು ಸಾವಿರ ಹರ್ಟ್ಸ್ ಹತ್ತಿರ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು.

“ಗ್ಯಾರೇಜಿನ ಗದ್ದಲಕ್ಕ ಆಗಿರಬೇಕು.”

“ಗ್ಯಾರೇಜ್ ಇಪ್ಪತ್ತು ವರ್ಷದಿಂದ ಐತಿ. ಇದು ಮೂರ ವರ್ಷದಿಂದ. ಒಂದ ಮಾತು ಹೇಳ್ರಿ. ಈಗ ನಾ ಬ್ಯಾರೆ ಯಾವ ಇಯರ್‌ಬಡ್ ಹಾಕ್ಕೊಂಡ್ರೂ ಗೋಣಿಚೀಲದಾಗಿಂದ ಹಾಡಿದಂಗ ಕೇಳ್ತೈತಿ. ಇದೊಂದ ಛಲೋ ಕೇಳ್ತೈತಿ. ಯಾಕ?”

ಚಂದ್ರಕಲಾ ತಿರುಗಿ ನೋಡಿದಳು. ಆಕೆಯ ಬೆನ್ನ ಹಿಂದಿನ ಕಪಾಟಿನಲ್ಲಿ ಈ ಮೂರು ವರ್ಷಗಳಲ್ಲಿ ಬೇರೆ ಕಂಪನಿಗಳು ಪರೀಕ್ಷೆಗೆಂದು ಕಳಿಸಿದ್ದ ಹದಿನಾಲ್ಕು ಜೊತೆ ಇಯರ್‌ಬಡ್‌ಗಳಿದ್ದವು. ಹದಿನಾಲ್ಕನ್ನೂ ಆಕೆ ಮಂಕು ಎಂದು ತಿರಸ್ಕರಿಸಿದ್ದಳು. ಕಿವಿ ಇಷ್ಟು ಸೂಕ್ಷ್ಮವಾಯಿತಲ್ಲ, ಇನ್ನು ಮೇಲೆ ಸಾಮಾನ್ಯವಾದದ್ದು ಯಾವುದೂ ತನಗೆ ಹಿಡಿಸುವುದಿಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದಳು.

ತನ್ನ ಕಿವಿಯಲ್ಲಿದ್ದ ನಿತ್ಯನೂತನವನ್ನು ಕಿತ್ತು ಕೌಂಟರಿನ ಮೇಲಿಟ್ಟಳು. ರಸ್ತೆಯ ಸದ್ದು ಒಮ್ಮೆಲೇ ಹಿಂದೆ ಸರಿಯಿತು. ಕಪಾಟಿನಿಂದ, ಹತ್ತು ವರ್ಷದ ಹಿಂದೆ ತಾನೇ ಮೆಚ್ಚಿ ಇಟ್ಟುಕೊಂಡಿದ್ದ ಹಳೆಯ ಜೊತೆಯನ್ನು ತೆಗೆದು ರೊಟ್ಟಿಯ ಸದ್ದು ಹಾಕಿಕೊಂಡಳು. ದಬ್, ದಬ್, ದಬ್. ಶುರುವಿನಿಂದ ಕೊನೆಯವರೆಗೆ ಒಂದೇ ದಬ್. ಹಸಿಯಿಲ್ಲ, ಒಣಗಿದ್ದಿಲ್ಲ. ಇನ್ನೊಮ್ಮೆ ಹಾಕಿದಳು. ಮತ್ತೊಮ್ಮೆ ಹಾಕಿದಳು. ಎದುರಿಗೆ ಇಮಾಮ್‌ಸಾಬ ಏನೋ ಹೇಳುತ್ತಿದ್ದ. ಅವನ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತಿನ ಅಂಚುಗಳೆಲ್ಲ ಸವೆದು ಬರೀ ಗುಂಯ್ ಎನ್ನುವುದಷ್ಟೇ ಬರುತ್ತಿತ್ತು.

ಆಕೆಗೆ ಮೊದಲು ನೆನಪಾದದ್ದು ತನ್ನ ಕಿವಿಯಲ್ಲ. ಮಗಳ ಹದಿನಾರನೆಯ ಹುಟ್ಟುಹಬ್ಬಕ್ಕೆ ತಾನೇ ಕೈಯಾರೆ ತೊಡಿಸಿದ ನಿತ್ಯನೂತನ.

*

ಹಳೇ ಹುಬ್ಬಳ್ಳಿಯ ಅಕ್ಕಸಾಲಿಗರ ಓಣಿಯಲ್ಲಿ ಅವರ ಮನೆ. ಮುಂದಿನ ಕೋಣೆಯಲ್ಲಿ ಗಂಡ ಮಹಾಂತೇಶನ ಹೊಲಿಗೆ ಮಷಿನ್. ಆತ ಇಡೀ ಓಣಿಯಲ್ಲೇ ನಿತ್ಯನೂತನ ಹಾಕದ ಏಕೈಕ ಮನುಷ್ಯ. ಬಟ್ಟೆಯ ಮೇಲೆ ಕತ್ತರಿ ಓಡುವ ಸದ್ದು ಕೇಳದಿದ್ದರೆ ಕೈ ತಪ್ಪುತ್ತದೆ ಎನ್ನುವುದು ಅವನ ನೆಪ. ಚಂದ್ರಕಲಾ ಅದಕ್ಕಾಗಿ ಅವನನ್ನು ಗೆಳತಿಯರ ಮುಂದೆ ನಗೆಪಾಟಲು ಮಾಡಿದ್ದೂ ಇತ್ತು.

ಸಂಜೆ ಆರಕ್ಕೆ ಮಗಳು ಸಂಪದಾ ಬಂದಳು. ಅವಳು ನರ್ಸಿಂಗ್ ಎರಡನೆಯ ವರ್ಷದಲ್ಲಿದ್ದಳು. ಆ ತಿಂಗಳು ವಾರ್ಡಿನ ಪಾಳಿ ಶುರುವಾಗಿತ್ತು. ಚಪ್ಪಲಿ ಬಿಡುವಷ್ಟರಲ್ಲಿ ಚಂದ್ರಕಲಾ ಅವಳ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದಳು.

“ಕಿವಿಯಾಗಿಂದು ತಗಿ. ಗ್ವಾಡಿ ಕಡೆ ಮುಖ ಮಾಡಿ ಕುಂದ್ರು. ನಿಮ್ಮಪ್ಪ ಒಂದೊಂದ ಶಬ್ದ ಹೇಳ್ತಾರ. ಕೇಳಿದ್ದು ಕೇಳಿದಂಗ ಬರಿ.”

“ಯಾಕ? ಏನ ಆಟ ಇದು? ನನಗ ಹಸಿವಾಗೈತಿ.”

“ತಗಿ ಅಂದೆ.”

ಚಂದ್ರಕಲಾ ತಾನೂ ಒಂದು ಹಾಳೆ ಹಿಡಿದು ಮಗಳ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ಮಹಾಂತೇಶ ಅವರ ಹಿಂದೆ ನಿಂತು ಹೇಳತೊಡಗಿದ. ಹಾಲು ಕಾಯಿಸುವಷ್ಟು ಹೊತ್ತಿನಲ್ಲಿ ಇಪ್ಪತ್ತು ಶಬ್ದ ಮುಗಿದವು. ಆತ ಎರಡೂ ಹಾಳೆಗಳನ್ನು ತೆಗೆದುಕೊಂಡು ನೋಡಿದ. ಇನ್ನೊಮ್ಮೆ ನೋಡಿದ.

“ಹೇಳ್ರಲ್ಲ.” ಇಯರ್‌ಬಡ್ ಹಾಕಿಕೊಳ್ಳದೆಯೇ ಚಂದ್ರಕಲಾ ಅವನ ಮುಖವನ್ನೇ ನೋಡುತ್ತ ಕೇಳಿದಳು.

ಆತ ಹಾಳೆಗಳನ್ನು ಅವರೆದುರು ಇಟ್ಟು ಬೆರಳು ತೋರಿಸಿದ. ಅವನು ಹೇಳಿದ್ದು ಕಸ. ಸಂಪದಾ ಬರೆದದ್ದು ಕಥೆ, ಚಂದ್ರಕಲಾ ಬರೆದದ್ದು ಕಪ್ಪ. ಅವನು ಹೇಳಿದ್ದು ಶೀತ. ಮಗಳು ಬರೆದದ್ದು ಈಟಿ, ತಾಯಿ ಬರೆದದ್ದು ಹೀಗೆ. ಇಪ್ಪತ್ತರಲ್ಲಿ ಮಗಳಿಗೆ ಸಿಕ್ಕಿದ್ದು ಎಂಟು, ತಾಯಿಗೆ ಐದು.

ಸಂಪದಾ ಹಾಳೆ ನೋಡಿ ನಕ್ಕಳು, ಆಮೇಲೆ ನಗು ನಿಲ್ಲಿಸಿ ಇಯರ್‌ಬಡ್ ತಿರುಗಿ ಹಾಕಿಕೊಂಡು, ತಾಯಿಯೂ ಹಾಕಿಕೊಳ್ಳುವವರೆಗೆ ಕಾದಳು. “ಮೊನ್ನೆ ವಾರ್ಡಿನಾಗ...” ಎಂದು ತಡೆದಳು. ಔಷಧಿಯ ಪಂಪು ನಿಂತಾಗ ಬೀಪ್ ಎಂದು ಕೂಗುತ್ತದೆ. ವಾರ್ಡಿನಲ್ಲಿ ಇಯರ್‌ಬಡ್‌ಗೆ ಅನುಮತಿಯಿಲ್ಲ. ಎರಡು ದಿನದ ಹಿಂದೆ ಪಂಪು ಹತ್ತು ನಿಮಿಷ ಕೂಗಿದೆ, ಅವಳು ಅದರ ಪಕ್ಕದಲ್ಲೇ ನಿಂತು ಚಾರ್ಟು ಬರೆಯುತ್ತಿದ್ದಳು. “ಸಿಸ್ಟರ್ ನನಗ ಎಲ್ಲಾರ ಮುಂದ ಬೈದ್ರು, ಧ್ಯಾನ ಎಲ್ಲೈತಿ ನಿಂದು ಅಂತ. ನಾ ಪಂಪೇ ಕೆಟ್ಟೈತಿ ಅಂತ ಜಗಳಾ ತಗದೆ. ಅವ್ವಾ, ಪಂಪ್ ಕೆಟ್ಟಿರಲಿಲ್ಲೇನು?”

ಇಲ್ಲ ಎಂದು ಚಂದ್ರಕಲಾ ತಲೆ ಅಲ್ಲಾಡಿಸಿದಳು. ಆಗ ಆಕೆಗೆ ಬಂದದ್ದು ದುಃಖವಲ್ಲ. ಸಿಟ್ಟು. ಒಂದು ಕ್ಷಣ ಅದು ತನ್ನ ಮೇಲಿತ್ತು, ಮರುಕ್ಷಣ ಡಬ್ಬಿಯ ಮೇಲೆ ತನ್ನ ಮುಖ ಅಚ್ಚು ಹಾಕಿದವರ ಮೇಲೆ.

“ನೀ ಆರಿಸಿದ್ದಲ್ಲ ಇದು?” ಸಂಪದಾ ಎದ್ದು ನಿಂತಳು. “ನಾ ಕೇಳಿದ್ನೇನ? ನನಗ ಸಾದಾ ಇಯರ್‌ಬಡ್ ಸಾಕಿತ್ತು. ನನ್ನ ಮಗಳು ಕಚರಾ ಮಾಲು ಕೇಳಬಾರದು ಅಂತ ನೀ ಹಾಕಿದ್ದು.”

“ಹೌದು. ನಾನ ಹಾಕಿದ್ದು.” ಚಂದ್ರಕಲಾ ತನ್ನ ಇಯರ್‌ಬಡ್ ಕಿತ್ತು ಕೆಳಗಿಟ್ಟಳು.

ಸಂಪದಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಎಷ್ಟು ಜೋರಾಗಿ ಬಡಿಯಿತೆಂದರೆ ಇಯರ್‌ಬಡ್ ಇಲ್ಲದ ಚಂದ್ರಕಲಾಗೂ ಅದು ಕೇಳಿಸಿತು.

*

ಮರುದಿನ ಬೆಳಿಗ್ಗೆ ಹತ್ತಕ್ಕೆ ಆಕೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿದ್ದ ನಾದಸೇತು ಕಟ್ಟಡದ ಮುಂದಿದ್ದಳು. ಮೂರು ತಿಂಗಳಿಗೊಮ್ಮೆ ಹೊಸ ಮಾಡೆಲ್ ಕೇಳಲು ಬರುತ್ತಿದ್ದವಳಾದ್ದರಿಂದ ಯಾರೂ ತಡೆಯಲಿಲ್ಲ. ಇಯರ್‌ಬಡ್ ಹಾಕಿಕೊಂಡೇ ಬಂದಿದ್ದಳು. ಹಾಕದಿದ್ದರೆ ಜಗಳ ಮಾಡುವುದೂ ಆಗುತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು.

ಮುಖ್ಯ ವಿಜ್ಞಾನಿ ಡಾಕ್ಟರ್ ಶ್ರೀಪಾದ ಗಲಗಲಿ ನಿಯಂತ್ರಣ ಕೊಠಡಿಯಲ್ಲಿದ್ದರು. ತಣ್ಣನೆಯ, ಕಿಟಕಿಯಿಲ್ಲದ ಕೋಣೆ. ಒಂದಿಡೀ ಗೋಡೆಯ ಪರದೆಯ ಮೇಲೆ ಹುಬ್ಬಳ್ಳಿ ಧಾರವಾಡದ ನಕಾಶೆ, ಅದರ ತುಂಬ ಹಸಿರು, ಹಳದಿ, ಕಿತ್ತಳೆ ಚುಕ್ಕೆಗಳು. ನಾಲ್ಕೈದು ಹುಡುಗ ಹುಡುಗಿಯರು ಕಂಪ್ಯೂಟರ್ ಮುಂದೆ ಕೂತಿದ್ದರು.

“ಬರ್ರಿ ಬರ್ರಿ ಚಂದ್ರಕಲಾಬಾಯಿ. ಹೊಸ ಮಾಡೆಲ್ ಇನ್ನೂ ತಯಾರಾಗಿಲ್ರಿ.”

“ನನ್ನ ಕಿವಿ ತೋರಸ್ರಿ.”

“ಏನಂದ್ರಿ?”

“ಆ ಗ್ವಾಡೀ ಮ್ಯಾಲೆ ನನ್ನ ಕಿವಿ ಎಲ್ಲೈತಿ ತೋರಸ್ರಿ. ಮೂರ ವರ್ಷ ನನ್ನ ಮರುದನಿ ಅಳದೀರಲ್ಲ, ಅದರ ಲೆಕ್ಕಾ ನನಗ ಬೇಕು.”

ಗಲಗಲಿಯವರು, ಮುಚ್ಚಿಡುವಂಥದ್ದೇನಿದೆ ಎನ್ನುವಂತೆ, ಹತ್ತಿರದ ಹುಡುಗಿಗೆ ಸನ್ನೆ ಮಾಡಿದರು. ಪರದೆಯ ಮೇಲೆ ಒಂದು ಕಿತ್ತಳೆ ಚುಕ್ಕೆ ದೊಡ್ಡದಾಯಿತು. ‘ಚಂದ್ರಕಲಾ ಪತ್ತಾರ. ಸಖ್ಯಾಂಕ 81.’

“ಸಖ್ಯಾಂಕ ಅಂದ್ರ?”

“ನೀವು ಕೇಳೋದ್ರಾಗ ನಮ್ಮ ಪಾಲೆಷ್ಟು ಅನ್ನೋದು. ಮಾತಿಗೆ ಬೇಕಾದ ಸಣ್ಣ ಸ್ವರಗಳು ನಿಮಗ ನೂರು ಪಾಲು ಮುಟ್ಟತಾವ ಅಂದ್ರ, ಅದರಾಗ ಎಂಬತ್ತೊಂದು ಪಾಲು ನಾವು ಕೊಡ್ತೇವಿ. ಹತ್ತೊಂಬತ್ತು ನಿಮ್ಮ ಕಿವೀದು.”

“ಮೂರ ವರ್ಷದ ಹಿಂದ ಎಷ್ಟಿತ್ತು?”

ಹುಡುಗಿ ಒತ್ತಿದಳು. 4.

ಚಂದ್ರಕಲಾ ಪರದೆಯ ಹತ್ತಿರ ಹೋದಳು. “ಸಂಪದಾ ಪತ್ತಾರ ತಗೀರಿ.” ಹಳದಿ ಚುಕ್ಕೆ. 64. ಶುರುವಿನಲ್ಲಿ 1.

ಗಲಗಲಿಯವರು ವಿವರಿಸತೊಡಗಿದರು. ಪಾಠ ಮಾಡುವ ದನಿ. ಜೋರಿನ ಸದ್ದು ಕೇಳಿ ಕಿವಿ ದಣಿದಾಗ ಮರುದನಿ ಸೊರಗುತ್ತದೆ. ಸುಮ್ಮನೆ ಬಿಟ್ಟರೆ ಒಂದೆರಡು ದಿನದಲ್ಲಿ ಸುಧಾರಿಸುತ್ತದೆ. ಯಂತ್ರಕ್ಕೆ ದಣಿವು ಯಾವುದು, ಗಾಯ ಯಾವುದು ಎಂಬ ಫರಕು ಗೊತ್ತಾಗುವುದಿಲ್ಲ. ಸೊರಗಿದ್ದು ಕಂಡ ಕೂಡಲೇ ಆ ಸ್ವರವನ್ನು ಏರಿಸುತ್ತದೆ. ಏರಿಸಿದ್ದಕ್ಕೆ ಕಿವಿ ಇನ್ನಷ್ಟು ದಣಿಯುತ್ತದೆ, ಯಂತ್ರ ಮತ್ತಷ್ಟು ಏರಿಸುತ್ತದೆ. ದಣಿದ ಕಿವಿ ಗುಂಯ್‌ಗುಡುವುದು ಮೈ ಕೊಡುವ ಎಚ್ಚರಿಕೆ. ಅದು ಗಿರಾಕಿಗೆ ಕಿರಿಕಿರಿ ಎಂದು ಅದನ್ನೂ ಯಂತ್ರ ಅಳಿಸಿಹಾಕುತ್ತದೆ.

“ನಿಮ್ಮ ಆಂಪ್ಲಿಫೈಯರ್ ನಾಲ್ಕ ಸಾವಿರ ಹರ್ಟ್ಸಿಗೆ ಈಗ ನೂರಾ ಮೂರು ಡೆಸಿಬಲ್ ಕೊಡ್ತದ. ಅದಕ್ಕ ನಿಮಗ ಮೊದಲಿನ ದಿನದ ಹಂಗ ಕೇಳಸ್ತದ. ಮಾತು ಕೊಟ್ಟಿದ್ದು ಅದನ್ನಽ ಅಲ್ಲೇನ್ರಿ?”

“ಇದು ನಿಮಗ ಯಾವಾಗ ಗೊತ್ತಾತು?”

“ಮೊದಲನೇ ವರ್ಷನಽ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಸುಳ್ಳು ಯಾಕ ಹೇಳಲಿ, ಮೊದಲಿಗೆ ಆ ಕಾಲಮ್ಮಿನ ಹೆಸರು ಹಾನಿ ಅಂತಿತ್ತು. ಮ್ಯಾನೇಜ್ಮೆಂಟಿನವರಿಗೆ ವರದಿ ಕೊಟ್ಟೆ. ಅವರು ಅಂಕಿ ನೋಡಿ ಖುಷಿಯಾದ್ರು. ಅಂಕಿ ಅರವತ್ತು ದಾಟಿದ ಗಿರಾಕಿ ನಮ್ಮನ್ನ ಬಿಟ್ಟು ಹೋಗೋದಿಲ್ಲ ಅಂದ್ರು. ಹೆಸರು ಬದಲಿ ಮಾಡ್ರಿ ಅಂದ್ರು.”

“ಸಖ್ಯ ಅಂತ ಇಟ್ಟವರು ಯಾರು?”

“ನಾನ.”

ಚಂದ್ರಕಲಾ ಕೂಗಲಿಲ್ಲ. ಕೂಗಿದರೆ ಈ ಮನುಷ್ಯನಿಗೆ ಅದು ಬರೀ ಸದ್ದು, ಡೆಸಿಬಲ್ಲಿನಲ್ಲಿ ಅಳೆಯುವ ಇನ್ನೊಂದು ವಸ್ತು ಎನಿಸಿತು.

“ನನ್ನ ಹೆಸರಿನ ಮ್ಯಾಲೆ ಎಷ್ಟ ಜನಾ ಇದನ್ನ ತಗೊಂಡಾರ?”

ಎರಡು ಸಾವಿರದ ಮುನ್ನೂರ ಹದಿನಾರು ಎಂದು ಹುಡುಗಿ ತಲೆ ತಗ್ಗಿಸಿಕೊಂಡು ಹೇಳಿದಳು. ಪರದೆಯ ಮೇಲೆ ಅವರ ಹೆಸರುಗಳು, ಸಖ್ಯಾಂಕದ ಸಮೇತ, ಸಾಲುಸಾಲಾಗಿ ಬಂದವು. ಚಂದ್ರಕಲಾಗೆ ಮುಖಗಳು ಕಂಡವು. ಮಗಳ ಮದುವೆಗೆ ಮೊದಲು ಒಂದು ಸಲವಾದರೂ ಒಳ್ಳೆಯ ಸಾಮಾನಿನಲ್ಲಿ ಹಾಡು ಕೇಳಬೇಕೆಂದು ಬಂದಿದ್ದ ಕುಂದಗೋಳದ ಹೂವಿನ ವ್ಯಾಪಾರಿ. ಬಸ್ಸಿನಲ್ಲಿ ಓದಲಾಗುವುದಿಲ್ಲ, ಪಾಠ ಕೇಳುತ್ತೇನೆಂದ ಕಲಘಟಗಿಯ ಟೀಚರ್. ಒಬ್ಬೊಬ್ಬರ ಕಿವಿಗೂ ಬಗ್ಗಿ ನೋಡಿ, ರಬ್ಬರಿನ ತುದಿ ಬದಲಿಸಿ, ಹಿತವಾಗೈತೇನ್ರಿ ಎಂದು ಕೇಳಿದ್ದಳು.

“ಸತ್ತ ಕೋಶ ತಿರುಗಿ ಹುಟ್ಟೂದಿಲ್ಲ ಅಂತ ಗೊತ್ತದಲ್ರಿ ನಿಮಗ?” ಗಲಗಲಿಯವರ ದನಿ ಈಗ ಮೆತ್ತಗಾಗಿತ್ತು. “ಒಮ್ಮೆಲೇ ಬಿಟ್ಟ್ರ ನಿಮಗಽ ತ್ರಾಸ. ಮುಂದಿನ ಮಾಡೆಲ್ ಎಲುಬಿನ ಮೂಲಕ ಕೇಳಸ್ತದ. ನಿಮ್ಮ ಮನಿಯವರಿಗೆಲ್ಲಾ ಜೀವನಪೂರ್ತಿ ಪುಕ್ಕಟೆ ಕೊಡ್ತೇವಿ. ನಿಮ್ಮಂಥಾವರ ಸಂಬಂಧ ನಮಗ ಬೇಕು.”

ಚಂದ್ರಕಲಾ ಫೋನ್ ತೆಗೆದು ಪರದೆಯ ಫೋಟೋ ಹೊಡೆಯತೊಡಗಿದಳು. ಹೆಸರುಗಳು ಸರಿದಂತೆ ಒಂದು, ಎರಡು, ಐದು, ಹತ್ತು.

“ಅಲ್ರೀ, ಏನ ಮಾಡಲಿಕ್ಕತ್ತೀರಿ! ಫೋಟೋ ತಗೊಳ್ಳೂಹಂಗಿಲ್ಲ ಇಲ್ಲೆ!”

“ನನ್ನ ಮುಖಾ ನಿಮ್ಮ ಡಬ್ಬೀ ಮ್ಯಾಲೆ ಒತ್ತೀರಿ. ನಿಮ್ಮ ಗ್ವಾಡೀನ ನಾ ನನ್ನ ಫೋನಿನಾಗ ಒತ್ತಗೋತೀನಿ.”

ಸೆಕ್ಯುರಿಟಿಯವನನ್ನು ಕರೆದರು. ಅವನ ಕಿವಿಯಲ್ಲೂ ನಿತ್ಯನೂತನ ಇತ್ತು. ಚಂದ್ರಕಲಾ ಅವನ ಹತ್ತಿರ ಹೋಗಿ, “ತಮ್ಮಾ, ನಿನ್ನ ಹೆಸರೂ ಆ ಗ್ವಾಡೀ ಮ್ಯಾಲೆ ಐತಿ. ನಿಂದು ಎಷ್ಟು ಅಂತ ಕೇಳು ಇವರನ್ನ,” ಎಂದಳು. ಅವನು ಆಕೆಯನ್ನು ಮುಟ್ಟಲಿಲ್ಲ. ಪರದೆಯ ಕಡೆ ತಿರುಗಿ ನಿಂತ. ಆಕೆ ಹೊರಗೆ ನಡೆದಳು.

*

ಮರುದಿನ ಅಂಗಡಿಯ ಗಾಜಿನ ಮೇಲೆ ದೊಡ್ಡ ಅಕ್ಷರದ ಹಾಳೆ ಅಂಟಿಸಿತ್ತು. ‘ನಿತ್ಯನೂತನ ತಗೊಂಡವರು ಒಳಗೆ ಬರ್ರಿ. ಅದು ನಿಮ್ಮ ಕಿವಿ ಕೆಡಿಸಿದೆ. ಆರಿಸಿಕೊಟ್ಟವಳು ನಾನು. ಚಂದ್ರಕಲಾ ಪತ್ತಾರ.’

ಜನ ಬಂದರು. ಫೋಟೋದಲ್ಲಿದ್ದ ಹೆಸರು ಹುಡುಕಿ ಆಕೆ ಒಬ್ಬೊಬ್ಬರಿಗೂ ಅವರ ಸಂಖ್ಯೆ ಹೇಳಿದಳು. ಅದರ ಹಳೆಯ ಹೆಸರು ಏನಿತ್ತು ಎಂಬುದನ್ನೂ ಹೇಳಿದಳು. ಕೆಲವರು ನಂಬಲಿಲ್ಲ. ಅವರ ಇಯರ್‌ಬಡ್ ತೆಗೆಸಿ, ಬೆನ್ನ ಹಿಂದೆ ಕೀಲಿಕೈ ಗೊಂಚಲು ಅಲ್ಲಾಡಿಸಲು ಹೇಳಿ ಮಹಾಂತೇಶನನ್ನು ನಿಲ್ಲಿಸಿದ್ದಳು. ಹೂವಿನ ವ್ಯಾಪಾರಿಗೆ ಅದು ಕೇಳಿಸಲಿಲ್ಲ. ಅವನು ಕಣ್ಣು ಒರೆಸಿಕೊಂಡ. ಕಲಘಟಗಿಯ ಟೀಚರ್ ಇಯರ್‌ಬಡ್‌ಗಳನ್ನು ಚಂದ್ರಕಲಾಳ ಮುಖಕ್ಕೆ ಎಸೆದು, “ನಿಮ್ಮನ್ನ ನಂಬಿ ತಗೊಂಡಿದ್ನಲ್ಲ!” ಎಂದು ಚೀರಿದಳು. ಚಂದ್ರಕಲಾ ಅವುಗಳನ್ನು ಆರಿಸಿ ಮೇಜಿನ ಮೇಲಿಟ್ಟಳು. ಬೈಸಿಕೊಳ್ಳುವುದು ತನ್ನ ಪಾಲಿನ ಕೆಲಸ ಎಂದು ಆಕೆ ತೀರ್ಮಾನಿಸಿದ್ದಳು.

ಆದರೆ ಬೈಗುಳ ಯಾರ ಕಿವಿಯನ್ನೂ ಉಳಿಸುವುದಿಲ್ಲ. ಯಂತ್ರ ಬಿಟ್ಟರೆ ಕೇಳಿಸುವುದಿಲ್ಲ, ಹಾಕಿಕೊಂಡರೆ ಉಳಿದದ್ದೂ ಹೋಗುತ್ತದೆ. ನಿವೃತ್ತ ಪೋಸ್ಟ್‌ಮಾಸ್ತರರೊಬ್ಬರು, ಎಪ್ಪತ್ತೆಂಟು ವಯಸ್ಸಿನವರು, ಆಂಪ್ಲಿಫೈಯರನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡರು. “ತಂಗೀ, ಇದರಾಗ ನನ್ನ ಮೊಮ್ಮಗಳ ದನಿ ಐತಿ. ಇದನ್ನ ಬಿಡು ಅನಬ್ಯಾಡ.”

ದಾರಿ ತೋರಿಸಿದವನು ಇಮಾಮ್‌ಸಾಬ. ಸಿಟ್ಟಿನಲ್ಲೇ ಬಂದು, ಸಿಟ್ಟಿನಲ್ಲೇ ಕೂತು, ತನ್ನ ಆಂಪ್ಲಿಫೈಯರನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. “ಲಾರಿ ಹುಚ್ಚುಹುಚ್ಚಾಗಿ ಓಡಬಾರದಂದ್ರ ಅದಕ್ಕ ಗವರ್ನರ್ ಹಾಕ್ತೀವಿ ಬಾಯಾರ. ಡ್ರೈವರ್ ಎಷ್ಟ ಒದ್ದ್ರೂ ಅರವತ್ತರ ಮ್ಯಾಲೆ ಹೋಗಂಗಿಲ್ಲ. ಇದಕ್ಕ ಹಂಗೊಂದು ಹಾಕಾಕ ಬರಂಗಿಲ್ಲೇನು?”

ಬರುತ್ತಿತ್ತು. ಆಂಪ್ಲಿಫೈಯರಿಗೂ ಇಯರ್‌ಬಡ್ಡಿಗೂ ನಡುವೆ ಬೆರಳುದ್ದದ ತಂತಿ, ಅದರೊಳಗೆ ಎರಡು ಪುಟ್ಟ ರೆಸಿಸ್ಟರ್. ಯಂತ್ರ ಎಷ್ಟೇ ಏರಿಸಲಿ, ಕಿವಿಗೆ ಮುಟ್ಟುವುದು ಎಂಬತ್ತು ಡೆಸಿಬಲ್ ದಾಟದಂತೆ ತಡೆ. ಮೊದಲ ದಿನದ ದನಿ ಸಿಗುವುದಿಲ್ಲ. ಹಾಡು ಮಂಕಾಗುತ್ತದೆ, ಮಾತು ಅರ್ಧ ಕೇಳಿ ಅರ್ಧ ಊಹಿಸಬೇಕಾಗುತ್ತದೆ. ಆದರೆ ಉಳಿದದ್ದು ಉಳಿಯುತ್ತದೆ. ಚಂದ್ರಕಲಾ ಲೆಕ್ಕ ಹಾಕಿದಳು, ಇಮಾಮ್‌ಸಾಬ ಬೆಸುಗೆ ಹಾಕಿದ. ಅವರು ಅದಕ್ಕೆ ಕಡಿವಾಣ ಎಂದು ಹೆಸರಿಟ್ಟರು. ಪೋಸ್ಟ್‌ಮಾಸ್ತರರು ಮೊದಲನೆಯದನ್ನು ಸಿಕ್ಕಿಸಿಕೊಂಡು ಬಹಳ ಹೊತ್ತು ಕೇಳಿ, “ಹುಡುಗಿ ದೂರ ಹೋದಂಗಾತು. ಆದ್ರೂ ಅದಾಳ,” ಎಂದರು.

ನಾದಸೇತುವಿನಿಂದ ವಕೀಲರ ನೋಟಿಸು ಬಂತು. ಕಂಪನಿಯ ಗುಟ್ಟು ಕದ್ದಳು, ಮಾಲಿಗೆ ಕೈಹಚ್ಚಿದಳು ಎಂದು. ಡಬ್ಬಿಯಿಂದ ಆಕೆಯ ಮುಖ ಹೋಯಿತು, ಬದಲಿಗೆ ನಗುವ ಯಾವುದೋ ಹುಡುಗಿಯ ಮುಖ ಬಂತು. ಆಕೆ ನೋಟಿಸನ್ನೂ ಗಾಜಿಗೇ ಅಂಟಿಸಿದಳು. ಪತ್ರಿಕೆಯವರು ಬಂದರು, ಕಿವಿ ಡಾಕ್ಟರುಗಳು ಸಾಲಾಗಿ ಪರೀಕ್ಷೆ ಮಾಡಿದರು. ನಿಯಂತ್ರಣ ಕೊಠಡಿಯ ಆ ಹುಡುಗಿ ಕೆಲಸ ಬಿಟ್ಟು ಬಂದು ಸಾಕ್ಷಿ ಹೇಳಿದಳು. ಹತ್ತು ವಾರದ ಮೇಲೆ ಸರಕಾರ ಆದೇಶ ಹೊರಡಿಸಿತು. ಇನ್ನು ಮುಂದೆ ಮಾರುವ ಯಾವ ಆಂಪ್ಲಿಫೈಯರೂ ಎಂಬತ್ತು ಡೆಸಿಬಲ್ ದಾಟಬಾರದು, ಪ್ರತಿ ಗಿರಾಕಿಗೂ ಅವರ ಸಂಖ್ಯೆಯನ್ನು ತಿಳಿಸಬೇಕು. ಕೆಟ್ಟ ಕಿವಿಗಳ ಬಗ್ಗೆ ಆದೇಶದಲ್ಲಿ ಒಂದು ಸಾಲೂ ಇರಲಿಲ್ಲ. ಗಲಗಲಿಯವರು ಬೆಂಗಳೂರಿಗೆ ವರ್ಗವಾದರು, ಬಡ್ತಿಯ ಮೇಲೆ ಎಂದು ಯಾರೋ ಹೇಳಿದರು. ಆ ದಿನ ಚಂದ್ರಕಲಾ ಅಂಗಡಿಯಲ್ಲಿ ಉಳಿದಿದ್ದ ನಿತ್ಯನೂತನದ ಖಾಲಿ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಕಾಲಲ್ಲಿ ತುಳಿದು ಚಪ್ಪಟೆ ಮಾಡಿದಳು. ತನ್ನ ಮುಖ, ತನ್ನ ಮುಖ, ತನ್ನ ಮುಖ.

*

ಇಷ್ಟೆಲ್ಲ ಆದರೂ ಒಬ್ಬಳು ಮಾತ್ರ ಕಡಿವಾಣ ಹಾಕಿಸಿಕೊಂಡಿರಲಿಲ್ಲ. ಸಂಪದಾ.

ಅವಳು ತಾಯಿಯ ಜೊತೆ ಮಾತು ಬಿಟ್ಟು ಹತ್ತು ವಾರವಾಗಿತ್ತು. ನಿತ್ಯನೂತನವನ್ನು ಮೊದಲಿನಂತೆಯೇ ಹಾಕಿಕೊಂಡು ಓಡಾಡುತ್ತಿದ್ದಳು. ವಾರ್ಡಿನ ಪಾಳಿಯಿಂದ ಅವಳನ್ನು ತೆಗೆದು ಕಡತದ ಕೋಣೆಗೆ ಹಾಕಿದ್ದರು. ಚಂದ್ರಕಲಾ ದಿನಾ ಬೆಳಿಗ್ಗೆ ಒಂದು ಕಡಿವಾಣವನ್ನು ಅವಳ ತಟ್ಟೆಯ ಪಕ್ಕ ಇಡುತ್ತಿದ್ದಳು. ಅವಳು ತಿಂಡಿ ತಿಂದು, ಅದನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದಳು. ಸುಮ್ಮನೆ ಒಂದು ಸಲ ಹಾಕಿ ನೋಡು ಎಂದು ಮಹಾಂತೇಶ ಹೇಳಿದಾಗ, “ಮತ್ತ ಅಕೀನ ಆರಿಸಿದ್ದು ಹಾಕ್ಕೊಳ್ಳಲೇನು?” ಎಂದಿದ್ದಳಂತೆ.

ಸರಕಾರದ ಆದೇಶದಂತೆ ಕಂಪನಿಯ ಪತ್ರ ಮನೆಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಸಂಪದಾ ಹೊಸ್ತಿಲಲ್ಲೇ ನಿಂತು ಒಡೆದು ಓದಿದಳು. ಆ ಹತ್ತು ವಾರದಲ್ಲಿ ಅರವತ್ತನಾಲ್ಕು ಅರವತ್ತೊಂಬತ್ತಾಗಿತ್ತು. ಚಂದ್ರಕಲಾ ಒಳಗಿನಿಂದ ನೋಡುತ್ತಿದ್ದಳು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಸಂಪದಾ ಪತ್ರ ಮಡಚಿ, ನೇರ ಅಂಗಡಿಯ ಸಾಮಾನಿದ್ದ ಮೂಲೆಗೆ ಹೋದಳು. ಬೆಸುಗೆಯ ಕಡ್ಡಿ, ರೆಸಿಸ್ಟರುಗಳ ಡಬ್ಬಿ, ಡೆಸಿಬಲ್ ಅಳೆಯುವ ಮೀಟರು, ಎಲ್ಲವನ್ನೂ ಎತ್ತಿಕೊಂಡು ತನ್ನ ಕೋಣೆಗೆ ನಡೆದಳು. ಚಂದ್ರಕಲಾ ಎದ್ದು ಹಿಂದೆ ಹೋದಳು.

“ಎಂಬತ್ತಕ್ಕ ಎಷ್ಟ ಓಮ್ ಹಾಕಬೇಕಂತ ನಾ...”

“ನೀ ಹೊರಗ ಹೋಗು. ನೀ ಆರಿಸಬ್ಯಾಡ. ನನಗ ಎಷ್ಟು ಬೇಕು ಅಂತ ನಾನ ಆರಸ್ತೀನಿ.”

ಚಂದ್ರಕಲಾ ಹೊರಗೆ ಬಂದು ಕಟ್ಟೆಯ ಮೇಲೆ ಕೂತಳು. ತನ್ನ ಕಡಿವಾಣದ ಇಯರ್‌ಬಡ್ ಕಿತ್ತು ಪಕ್ಕಕ್ಕಿಟ್ಟಳು. ಓಣಿಯಲ್ಲಿ ಹುಡುಗರು ಚೆಂಡಾಡುತ್ತಿದ್ದರು, ಎದುರುಮನೆಯ ಶಾಂತವ್ವ ಬಟ್ಟೆ ಒಗೆಯುತ್ತಿದ್ದಳು. ಎಲ್ಲವೂ ಕಾಣುತ್ತಿತ್ತು, ದೂರದ ಕೆರೆಯ ಆಚೆ ದಡದಲ್ಲಿ ನಡೆಯುತ್ತಿರುವಂತೆ. ಒಳಗೆ ಮಗಳು ಯಾವ ರೆಸಿಸ್ಟರ್ ಎತ್ತಿಕೊಂಡಳೋ, ಕೈ ಸುಟ್ಟು­ಕೊಂಡಳೋ, ಎದ್ದು ಹೋಗಿ ನೋಡಬೇಕೆಂದು ಕಾಲು ಎಳೆಯುತ್ತಿತ್ತು. ಎರಡು ಸಲ ಎದ್ದಳು. ಎರಡು ಸಲವೂ ತಿರುಗಿ ಕೂತಳು. ಇಪ್ಪತ್ತೆರಡು ವರ್ಷ ಎಲ್ಲರಿಗೂ ಆರಿಸಿಕೊಟ್ಟವಳಿಗೆ ಸುಮ್ಮನೆ ಕೂರುವುದೆಂದರೆ ಏನೆಂದು ಅವತ್ತೇ ಗೊತ್ತಾಗಿದ್ದು.

ಒಂದು ತಾಸಿನ ಮೇಲೆ ಸಂಪದಾ ಹೊರಗೆ ಬಂದಳು. ಆಂಪ್ಲಿಫೈಯರಿನ ತಂತಿಗೆ ಅವಳದೇ ಬೆಸುಗೆಯ ಕಡಿವಾಣವಿತ್ತು. ಬೆಸುಗೆ ಗಂಟುಗಂಟಾಗಿತ್ತು. ತಾಯಿಯ ಕೈಗೆ ಮೀಟರು ಕೊಟ್ಟಳು. ಚಂದ್ರಕಲಾ ಮುಳ್ಳು ನೋಡಿದಳು. ಎಂಬತ್ತಲ್ಲ. ಎಪ್ಪತ್ತೆರಡು. ತಾನಾಗಿದ್ದರೆ ಇಷ್ಟು ಕಡಿಮೆ ಇಡುವ ಧೈರ್ಯ ಮಾಡುತ್ತಿರಲಿಲ್ಲ. ಇಷ್ಟರಲ್ಲಿ ಹಾಡು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಮಾತಿಗಾಗಿ ಎದುರಿಗಿದ್ದವರ ತುಟಿ ನೋಡಬೇಕು.

“ಇಷ್ಟ ಸಾಕೇನ?” ಎಂದು ಕೇಳಿದಳು.

ಸಂಪದಾ ಕೈಯಿಂದ ಕಿವಿ ತೋರಿಸಿ, ಕೇಳಿಸಲಿಲ್ಲ ಎಂಬಂತೆ ತಲೆಯಲ್ಲಾಡಿಸಿದಳು.

“ಇಷ್ಟ ಸಾಕೇನ ಅಂದೆ!”

“ಸಾಕು! ಉಳದದ್ದು ಉಳೀಲಿ! ನಾ ವಾರ್ಡಿಗೆ ತಿರುಗಿ ಹೋಗಬೇಕು, ಅಲ್ಲೆ ಬರೇ ಕಿವೀಲೆ ಕೇಳಬೇಕು!” ಅವಳು ಕೂಗಿಯೇ ಹೇಳಿದಳು, ಇನ್ನು ಮುಂದೆ ಆ ಮನೆಯಲ್ಲಿ ಹಾಗೆಯೇ ಮಾತಾಡಬೇಕಿತ್ತು. ಆಮೇಲೆ ತಾಯಿಯ ಮುಖಕ್ಕೆ ಮುಖ ತಂದು, ಒಂದೊಂದು ಅಕ್ಷರವನ್ನೂ ಬಿಡಿಸಿ ಚೀರಿದಳು. “ಆದ್ರ ನಾ ನಿನಗ ಮಾಫಿ ಕೊಟ್ಟಿಲ್ಲ! ತಿಳೀತೇನ? ಕೊಟ್ಟಿಲ್ಲ!”

ಹುಡುಗರು ಚೆಂಡು ಹಿಡಿದುಕೊಂಡು ನಿಂತರು. ಶಾಂತವ್ವ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ತಿರುಗಿ ನೋಡಿದಳು. ಇಡೀ ಓಣಿಗೆ ಕೇಳಿಸಿತು.

ಚಂದ್ರಕಲಾಗೂ ಕೇಳಿಸಿತು.